ರಟ್ಟು

ಬಾನೆಟ್ಟಿಗೆ ಬೇವಿನ ಬಡಿಗಿ ಊರಿ ನಿಲ್ಲಿಸೀನಿ.
ಹೊರಸಿನ ಮ್ಯಾಲ ಅಪ್ಪ. ಅವನ ಬಲಗೈ ಈಗ
ಚಹಾದ ಬಸಿನೂ ಹಿಡಿಯಂಗಿಲ್ಲ,
ಬಾಯಿ ಮಾತ್ರ ಪಾನಾ ಇದ್ದಂಗ:
"ಎಡಕ್ಕ ತಿರುವು. ನನ್ನ ಎಡಕ್ಕಲ್ಲ, ನಟ್ಟಿನ ಎಡಕ್ಕ."

ದುಧನಿಯೊಳಗ ಮುಂಜಾನಿ ಎಂಟಕ್ಕ
ದಾಲ್ ಮಿಲ್ಲಿನ ಧೂಳು ಎದ್ದು
ಪಾತ್ರಿ, ಹಾಸಿಗಿ, ಹುಬ್ಬಿನ ಮ್ಯಾಲ ಕೂಡತದ.
ಇಂಜಿನ್ ತೆರದಾಗ ಗಾಳಿ ಬಂದ್ರ ಹೊದಸಲಿಕ್ಕ
ಅವ್ವನ ಹಳೇ ಸೀರಿ ತುಂಡು ಮಗ್ಗಲಕ್ಕ ಇಟ್ಟೀನಿ.

ಮೂರು ತಿಂಗಳಾತು ಎಣ್ಣಿ ಸೋರಲಿಕ್ಕ ಹತ್ತಿ.
ಮೊದಲು ಬರೇ ವಾಸನಿ,
ಕಾದ ಸೈಲೆನ್ಸರ್ ಕೊಳವಿ ಮ್ಯಾಲ ಬಿದ್ದ ಹನಿ
ಸೀದ ಒಗ್ಗರಣಿಯಂಗ.
ಆಮ್ಯಾಲ ಅಂಗಳದಾಗ ಕರೀ ಚುಕ್ಕಿ,
ದಿನಾ ಹೊತ್ತು ಹೊಂಡೂದ್ರಾಗ ಒಂದೆರಡು ಜಾಸ್ತಿ.

ಸೋಲಾಪುರದ ಅಂಗಡಿಯವ ನಕ್ಕಿದ್ದ,
"ಅಂಬಾಸಡರಚಂ ಪ್ಯಾಕಿಂಗ್?"
ಅಟ್ಟದಿಂದ ಇಳಿಸಿ, ಊದಿ, ನೂರಾ ನಲವತ್ತು ತಗೊಂಡ.
ಬೂಚಿನ ಪಟ್ಟಿ, ಹಗುರ.
ಬಸ್ಸಿನಾಗ ಹಪ್ಪಳದಂಗ ತೊಡಿ ಮ್ಯಾಲ ಇಟಗೊಂಡು ಬಂದೆ.

ಎರಡೇ ನಟ್ಟು. ಎರಡನ್ನೂ ಅಪ್ಪನ ಸಿಟ್ಟು ಬಿಗದದ.
ಪಾನಾಕ್ಕ ಪೈಪು ತುರುಕಿ, ಬಂಪರಿಗೆ ಕಾಲು ಕೊಟ್ಟು, ಉಸರು ಹಿಡದು,
ಕಿರಕ್ ಅಂತು.
ನಟ್ಟು ಕೂತಲ್ಲಿ ಟ್ಯಾಪೆಟ್ ಕವರಿನ ಬೆನ್ನು ತಗ್ಗಿತ್ತು.
"ಇಷ್ಟ್ಯಾಕ ಬಿಗದಿ?"
"ಸೋರಬಾರದಂತ."
"ಬಿಗದದ್ದಕ್ಕಽ ಸೋರೇದ."
ಅಪ್ಪ ಬೀಡಿ ಹುಡುಕಿದ.

ಒಳಗ ಸಾಲಾಗಿ ಕೂತ ಸ್ಪ್ರಿಂಗು, ಕಂದು ಮಿಂಚು.
ಅಂಚಿಗೆ ಅಂಟಿದ್ದು ಬೂಚಲ್ಲ. ರಟ್ಟು.
ಕೈಲೆ ಕೊಯ್ದದ್ದು, ಒಂದು ಮೂಲಿ ಸೊಟ್ಟ.
ಗೀರು ಬೀಳಬಾರದಂತ
ಹಳೇ ಪ್ಲಾಸ್ಟಿಕ್ ಪಟ್ಟಿಲೆ ಮೆಲ್ಲಕ ಎಬ್ಬಸಿದೆ,
ಚೂರು ಚೂರಾಗಿ ಬಂತು.
ಒಂದು ಚೂರು ಒರಸಿದ್ರ ನೀಲಿ ಅಕ್ಷರ, ಎಣ್ಣಿ ಕುಡದು ಉಬ್ಬಿದ್ದು:
"...ಗಲಾ ಬಂಡೆಪ್ಪ ಹಿ..."
ಅದರ ಕೆಳಗ "ಇಯತ್ತೆ ೧೦".

ನನ್ನ ವಿಜ್ಞಾನದ ಜರ್ನಲ್ಲು.

ಪರೀಕ್ಷಾಕ್ಕ ನಾಲ್ಕು ದಿನ ಇದ್ದಾಗ ಅದರ ರಟ್ಟು ಹರದಿತ್ತು.
ಕಸ್ತೂರಿ ಹರದಾಳ ಅಂತ
ವರ್ಗದಾಗ ಎದ್ದು ನಿಂತು ಹೇಳಿದಾಕಿ ನಾನು.
ಹಿಂದಿನ ದಿನ ಆಕಿ ಒಯ್ದಿದ್ದಳು, ಕಪ್ಪೀ ಗುಂಡಿಗಿ ಚಿತ್ರ ತಗೀಲಿಕ್ಕ.
ಹತ್ತರಕಿ ಸರು ಆಕೀನ್ನ ಬಾಗಲ ಹೊರಗ ನಿಲ್ಲಿಸಿದ್ರು, ಎರಡು ತಾಸು.
ಅಳಲಿಲ್ಲ ಆಕಿ. ನನ್ನ ಕಡಿ ನೋಡಲೂ ಇಲ್ಲ,
ಅವತ್ತೂ, ಆಮ್ಯಾಲೂ.

ಆ ರಾತ್ರಿ ನಿದ್ದಿಗಣ್ಣಾಗ ಟಕ್ ಟಕ್ ಕೇಳಿ
ಮಿಲ್ಲಂತ ತಿಳಕೊಂಡಿದ್ದೆ.
ಕವರ್ ಬೋರಲು ಹಾಕಿ, ಮ್ಯಾಲ ನನ್ನ ಹೆಸರು ಹಾಸಿ,
ಅಂಚಿಗುಂಟ ಸುತ್ತಿಗಿ ಬಡದದ್ದು ಅದು.

"ಮುಂಜಾನಿ ಮೈಂದರಗಿ ಮದವಿ ಬಾಡಗಿ ಇತ್ತು," ಅಪ್ಪ ಅಂದ.
"ಅಂಗಡಿ ಮುಚ್ಚಿದ್ವು. ಸಿಕ್ಕದ್ದು ಕೊಯ್ದೆ."
ಚೂರು ಬೆಳಕಿಗೆ ಹಿಡದು ತಿರುವಿ ತಿರುವಿ ನೋಡಿದ.
"ಹದಿನೇಳು ವರ್ಷ ತಡೀತು ನೋಡವಾ. ಬರೇ ರಟ್ಟು!"
ಬೈಲಿಕ್ಕ ತೆರದ ನನ್ನ ಬಾಯಿ ತೆರಕೊಂಡಽ ಉಳೀತು.

ತಗ್ಗು ಕಲ್ಲಿನ ಮ್ಯಾಲ ಇಟ್ಟು ಬಡದು ಸಪಾಟ ಮಾಡಿದೆ.
ಬೂಚು ಕೂಡಿಸಿದೆ. ನಟ್ಟು ಬೆರಳಿಲೆ,
ಇದಕ್ಕೊಂದು ಸುತ್ತು, ಅದಕ್ಕೊಂದು ಸುತ್ತು.
ಆಮ್ಯಾಲ ಪಾನಾ. ಬೂಚು ಒಂದೀಟು ಕುಗ್ಗಿತು, ಕೈಗೆ ಗೊತ್ತಾತು.
"ಇನ್ನೊಂದು ಸುತ್ತು."
"ಸಾಕು."
"ಅರ್ಧಾರ."
ಪಾನಾ ನೀರಿನ ಹಂಡೇದ ಹಿಂದ ಇಟ್ಟು ಬಂದೆ.

ಗಾಡಿ ಚಾಲೂ ಆತು, ಕೆಮ್ಮಿ ಕೆಮ್ಮಿ ನಿಂತಲ್ಲೇ ಹದಕ್ಕ ಬಂತು.
ಬಂದ್ ಮಾಡಿ ಕೆಳಗ ಮರಾಠಿ ಪೇಪರ್ ಹಾಸಿದೆ.

ಕಸ್ತೂರಿನ್ನ ಜತ್ತಿಗೆ ಕೊಟ್ಟಾರಂತ.
ಆಕಿ ತಮ್ಮನ ಕಿರಾಣಿ ಅಂಗಡಿ ಸ್ಟೇಷನ್ ರಸ್ತೇದಾಗ ಅದ,
ನಂಬರು ಕೇಳಬಹುದು.
ಕೇಳಿ ಏನಂತ ಹೇಳೋದು? ಇಂಜಿನ್ ಬಿಚ್ಚಿದ್ದೆ, ನೀ ಹರದಿಲ್ಲಂತ?

ರಾತ್ರಿ ಹತ್ತಕ್ಕ ಬ್ಯಾಟರಿ ಹಿಡದು ಬಗ್ಗಿ ನೋಡಿದೆ.
ಪೇಪರಿನ ಮ್ಯಾಲ ಒಂದು ಹನಿ.
"ಹಳೇದು!" ಹೊರಸಿನಿಂದ ಅಪ್ಪ ಕೂಗಿದ, ನೋಡದಽ.
"ಹಳೇದು ಇಳೀಲಿಕ್ಕ ಎರಡು ದಿನ ಬೇಕು."